ಮೂರು ಬಂದರು, ಒಂದು ಸಹಿ

ಪೈನ್ ಬ್ಲಫ್, ಆರ್ಕನ್ಸಾ
ಮಾರ್ಚ್ 3, 1997

ರಾಯ್ಸ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ದುಡ್ಡಿಗೆ ಬರೆದಿದ್ದಾಳೆ ಎಂದುಕೊಳ್ಳಬೇಡ. ಮಕ್ಕಳ ಖರ್ಚಿನ ದುಡ್ಡು ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆ, ಅದರಲ್ಲಿ ನನ್ನ ತಕರಾರಿಲ್ಲ. ನನಗೆ ಈಗ ಬೇಕಾಗಿರುವುದು ನಿನ್ನ ಸಹಿ, ಅಷ್ಟೇ.

ಶೆಲ್ಬಿ, ವೇಡ್ ಇಬ್ಬರನ್ನೂ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಜೂನ್ ಎಂಟು, ಭಾನುವಾರ, ನ್ಯೂ ಆರ್ಲಿಯನ್ಸಿನಿಂದ. ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾದ ಓಚೋ ರಿಯೋಸ್, ಆಮೇಲೆ ಮುಂದಿನ ಭಾನುವಾರ ವಾಪಸು. ಕಿಟಕಿಯೇ ಇಲ್ಲದ ಕೋಣೆ, ಕೆಳಗಡೆ ಎಂಜಿನ್ನು. ಆದರೂ ಹಡಗು ಹಡಗೇ. ನೀನು ಅಲಾಸ್ಕಾಕ್ಕೆ ಹೋದ ವರ್ಷ ಮಕ್ಕಳು ಅಳುವುದನ್ನು ನಿಲ್ಲಿಸಲಿ ಎಂದು ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಬಾಯಿಗೆ ಬಂದದ್ದು ಹೇಳಿದ್ದೆ, ಅದನ್ನು ಅವರು ಮರೆಯಲಿಲ್ಲ. ಎರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ತಟ್ಟೆಗೆ ಬಡಿಸಿ, ರಜೆಯಲ್ಲಿ ಚರ್ಚಿನ ನೆಲ ಒರೆಸಿ ಕೂಡಿಸಿದ ಹಣ ಪೂರ್ತಿ ಕಟ್ಟಿಯಾಗಿದೆ. ಹೋಗದಿದ್ದರೆ ಒಂದು ಕಾಸೂ ವಾಪಸು ಬರುವುದಿಲ್ಲ.

ಟಿಕೆಟ್ ಮಾಡಿಸಿಕೊಟ್ಟ ಯೂಲಾ ಮೊನ್ನೆ ಹೊಸ ತಕರಾರು ತೆಗೆದಳು. "ಡಾರ್ಲಾ, ಡೈವೋರ್ಸ್ ಆದೋರು ಮಕ್ಳನ್ನ ಮೆಕ್ಸಿಕೋಗೆ ಕರ್ಕೊಂಡ್ ಹೋಗ್ಬೇಕಂದ್ರೆ ಇನ್ನೊಬ್ರು ಒಪ್ಪಿಗೆ ಬರ್ದು ಕೊಡ್ಬೇಕು ಕಣೇ. ನೋಟರಿ ಮುದ್ರೆ ಬೇರೆ ಇರ್ಬೇಕು. ಆ ಕಾಗ್ದ ಇಲ್ದಿದ್ರೆ ಹಡಗಿನ ಮೆಟ್ಲು ಹತ್ತೋಕೂ ಬಿಡಲ್ಲ." ಕಾಗದ ಇದರ ಜೊತೆ ಇಟ್ಟಿದ್ದೇನೆ. ಎಲ್ಲ ನಾನೇ ತುಂಬಿದ್ದೇನೆ. ನೋಟರಿಯ ಮುಂದೆ ನಿಂತು ಸಹಿ ಹಾಕಿ ಕಳಿಸು. ಐದು ನಿಮಿಷದ ಕೆಲಸ.

ಫೋನ್ ಮಾಡಬೇಡ. ಫೋನಿನಲ್ಲಿ ನಮ್ಮ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತು. ವಕೀಲರು ಹೇಳಿದ ಹಾಗೆ ಬರವಣಿಗೆಯಲ್ಲೇ ಇರಲಿ.

ಡಾರ್ಲಾ

*

ಡಚ್ ಹಾರ್ಬರ್, ಅಲಾಸ್ಕಾ
ಮಾರ್ಚ್ 19, 1997

ಡಾರ್ಲಾ,

ಕಾಗದ ಬಂತು. ಬಂದರಿನಲ್ಲಿ ಇಳಿದ ಮೇಲೆ ಏನು ಮಾಡುತ್ತೀರಿ ಅಂತ ಬರೆದಿಲ್ಲ. ಎಲ್ಲಿ ಹೋಗುತ್ತೀರಿ, ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ವಾಪಸು. ಒಂದೊಂದು ಬಂದರಿನದೂ ಬರೆ. ಆಮೇಲೆ ಸಹಿ ನೋಡೋಣ.

ಕೊಜುಮೆಲ್‌ನಲ್ಲಿ ಹಡಗಿನ ಬುಡದಲ್ಲಿ ನಿಂತಿರುವ ಟ್ಯಾಕ್ಸಿ ಹತ್ತಬೇಡ.

ರಾಯ್ಸ್

*

ಪೈನ್ ಬ್ಲಫ್
ಮಾರ್ಚ್ 31, 1997

ರಾಯ್ಸ್,

ನಾಲ್ಕು ವಾರ ಕಾದಿದ್ದಕ್ಕೆ ಇಷ್ಟೇ ಬಂತು, ಅದೂ ಟೈಪ್ ಮಾಡಿದ್ದು. ನಿನ್ನ ಹೆಸರನ್ನೂ ಟೈಪ್ ಮಾಡಿದ್ದೀಯಲ್ಲ, ನಾನೇನು ನಿನ್ನ ಬ್ಯಾಂಕೇ? "ಆಮೇಲೆ ಸಹಿ ನೋಡೋಣ" ಎಂಬ ಮಾತು ಓದಿ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷದ ಸಂಸಾರದಲ್ಲಿ ಮಕ್ಕಳು ಎಲ್ಲಿ ಹೋದರು, ಏನು ತಿಂದರು ಎಂದು ಒಂದು ದಿನ ಕೇಳಿದವನಲ್ಲ ನೀನು. ಶೆಲ್ಬಿಗೆ ಜ್ವರ ಬಂದಿದ್ದು ನಿನಗೆ ಗೊತ್ತಾಗಿದ್ದು ಅವಳಿಗೆ ವಾಸಿಯಾದ ಮೇಲೆ. ನೀನು ಆಗ ಬಾಟಲಿ ಹಿಡಿದು ಕೂತಿದ್ದೆ. ಈಗ ನಾಲ್ಕು ಸಾವಿರ ಮೈಲಿ ದೂರದಲ್ಲಿ ಏಡಿ ಕಾರ್ಖಾನೆಯಲ್ಲಿ ಕೂತು ವಿಚಾರಣೆ ಮಾಡುತ್ತೀಯ.

ಆದರೆ ಸಹಿ ನಿನ್ನ ಹತ್ತಿರ ಇದೆ. ಅದಕ್ಕೆ ಬರೆಯುತ್ತೇನೆ, ಸರಿಯಾಗಿ ಓದಿಕೋ.

ಕೊಜುಮೆಲ್, ಮಂಗಳವಾರ. ಹಡಗಿನಲ್ಲಿ ಊಟ ತಿಂಡಿ ಎಲ್ಲ ಟಿಕೆಟ್ಟಿನಲ್ಲೇ ಬಂತು. ಆದ್ದರಿಂದ ಬೆಳಿಗ್ಗೆ ಹೊಟ್ಟೆ ಬಿರಿಯ ತಿನ್ನಿಸಿ ಇಳಿಸುತ್ತೇನೆ. ಹಡಗಿನವರ ಟೂರಿನಲ್ಲಿ ಹಾಳು ಗುಡಿಗಳನ್ನು ನೋಡಲು ಒಬ್ಬೊಬ್ಬರಿಗೆ ಕೇಳುವ ದುಡ್ಡಿನಲ್ಲಿ ನಾನು ಒಂದು ವಾರ ಮನೆ ನಡೆಸುತ್ತೇನೆ. ನಮಗೆ ಮರಳು ಸಾಕು, ಮರಳಿಗೆ ದುಡ್ಡಿಲ್ಲ. ವೇಡ್‌ಗೆ ಬಕೆಟ್ಟು, ಶೆಲ್ಬಿಗೆ ಚರ್ಚಿನ ಹಳೆ ಸಾಮಾನಿನ ಮಾರಾಟದಲ್ಲಿ ಸಿಕ್ಕ, ಈಜುವಾಗ ಹಾಕುವ ನೀರು ಕನ್ನಡಕ. ಮಧ್ಯಾಹ್ನ ಎರಡಕ್ಕೆ ವಾಪಸು ಹಡಗಿಗೆ ಊಟಕ್ಕೆ.

ಕೇಮನ್, ಬುಧವಾರ. ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ, ಅದು ಪುಕ್ಕಟೆ. ಅಲ್ಲಿಂದ ನಡೆದು ಊರವರ ಬೀಚಿಗೆ. ಅಲ್ಲಿ ಸಮುದ್ರದ ಮಧ್ಯೆ ಮಕ್ಕಳನ್ನು ನೀರಿಗಿಳಿಸಿ ಚಪ್ಪಟೆ ಮೈಯ ದೊಡ್ಡ ತೊರಕೆ ಮೀನುಗಳನ್ನು ಮುಟ್ಟಿಸುತ್ತಾರಂತೆ. ವೇಡ್ ಹಡಗಿನವರ ಪುಸ್ತಕದಲ್ಲಿ ಅದರ ಚಿತ್ರ ನೋಡಿ ಹುಚ್ಚು ಹಿಡಿಸಿಕೊಂಡಿದ್ದಾನೆ. ಅದರ ಬೆಲೆ ನೋಡಿ ನಾನು ಪುಸ್ತಕ ಮುಚ್ಚಿದೆ.

ಓಚೋ ರಿಯೋಸ್, ಗುರುವಾರ. ಜಲಪಾತ ಹತ್ತುವುದು. ಬಾಗಿಲಲ್ಲಿ ಟಿಕೆಟ್ಟು ತೆಗೆದುಕೊಂಡರೆ ನಮ್ಮ ಕೈಗೆಟುಕುತ್ತದೆ, ಮಕ್ಕಳಿಗೆ ಅರ್ಧ. ಹಡಗಿನವರ ಮೂಲಕ ಹೋದರೆ ಅದೇ ಜಲಪಾತಕ್ಕೆ ಮೂರರಷ್ಟು.

ಸಾಕಾ? ಇಬ್ಬರ ಕೈಯನ್ನೂ ಯಾವ ಬೀದಿಯಲ್ಲಿ ಹಿಡಿದುಕೊಳ್ಳುತ್ತೇನೆ ಎಂದೂ ಬರೆಯಲೇ?

ಕಾಗದ ಏಪ್ರಿಲ್ ಮುಗಿಯುವುದರೊಳಗೆ ಬರಬೇಕು.

ಡಾರ್ಲಾ

*

ಡಚ್ ಹಾರ್ಬರ್
ಏಪ್ರಿಲ್ 14, 1997

ಡಾರ್ಲಾ,

ಮಂಜು. ಒಂಬತ್ತು ದಿನ ವಿಮಾನ ಇಳಿಯಲಿಲ್ಲ.

ಕೊಜುಮೆಲ್: ಹಡಗಿಳಿದು ಮೂರು ಬೀದಿ ಒಳಗೆ ನಡೆ. ಅದೇ ಟ್ಯಾಕ್ಸಿ ಅರ್ಧ ಬೆಲೆಗೆ ಬರುತ್ತದೆ. ಹತ್ತುವ ಮೊದಲು ಬೆಲೆ ಮಾತಾಡು. ಮೂವರಿಗೂ ಸೇರಿ ಎಂದು ಕೇಳು.

ಕೇಮನ್: ಅಲ್ಲಿಯ ಡಾಲರು ನಮ್ಮದಕ್ಕಿಂತ ದಪ್ಪ. ಬೋರ್ಡಿನಲ್ಲಿ ನಾಲ್ಕು ಎಂದಿದ್ದರೆ ಐದು ಎಂದು ತಿಳಿ. ನಾನು ಹೀಗೆ ಮೋಸ ಹೋಗಿದ್ದೇನೆ.

ಓಚೋ ರಿಯೋಸ್: ಕಲ್ಲು ಜಾರುತ್ತದೆ. ಬೂಟಿಗೆ ಬಾಡಿಗೆ ಕೇಳುತ್ತಾರೆ. ಹಳೆ ಕ್ಯಾನ್ವಾಸ್ ಶೂ ತೆಗೆದುಕೊಂಡು ಹೋಗು.

ವೇಡ್ ಈಗ ಪೆನ್ಸಿಲು ಹೇಗೆ ಹಿಡಿಯುತ್ತಾನೆ? ಯಾವ ಬೆರಳು ಮೇಲೆ? ಬರೆ.

ರಾಯ್ಸ್

*

ಪೈನ್ ಬ್ಲಫ್
ಏಪ್ರಿಲ್ 26, 1997

ರಾಯ್ಸ್,

ಕಾಗದ ಎಲ್ಲಿ?

ಮದುವೆಗೆ ಮುಂಚೆ ಸರಕಿನ ದೋಣಿಯಲ್ಲಿ ಎರಡು ವರ್ಷ ಆ ಕಡೆ ತಿರುಗಿದ್ದೆ ಎಂದು ನೀನೇ ಆ ಸಮುದ್ರದ ಯಜಮಾನನ ಥರ ಉಪದೇಶ ಮಾಡುತ್ತೀಯ. ನಿನ್ನ ಟ್ಯಾಕ್ಸಿ ಪಾಠ ಯಾರು ಕೇಳಿದರು? ನಾನು ಕೇಳಿದ್ದು ಐದು ನಿಮಿಷದ ಕೆಲಸ.

ವೇಡ್ ಪೆನ್ಸಿಲಿನ ವಿಷಯಕ್ಕೆ ಬರುತ್ತೇನೆ. ಅದನ್ನು ಕೇಳಲು ನಿನಗೆ ಬಾಯಿ ಹೇಗೆ ಬಂತು? ಮೂರು ವರ್ಷದ ಕೂಸು ಎಡಗೈಯಲ್ಲಿ ಚಮಚ ಹಿಡಿದರೆ ಕಿತ್ತು ಬಲಗೈಗೆ ತುರುಕುತ್ತಿದ್ದವನು ನೀನು. "ನಮ್ಮ ಮನೇಲಿ ಎಡಚರು ಯಾರೂ ಇಲ್ಲ" ಅನ್ನುತ್ತಿದ್ದೆ. ಮಗು ಅತ್ತು ಅತ್ತು ಊಟವನ್ನೇ ಬಿಡುತ್ತಿತ್ತು. ನೀನು ಹೋದ ಮೇಲೆ ಅವನು ಎಡಗೈಯಲ್ಲೇ ಬರೆಯುತ್ತಾನೆ, ಎಡಗೈಯಲ್ಲೇ ತಿನ್ನುತ್ತಾನೆ, ಎಡಗೈಯಲ್ಲೇ ಚೆಂಡು ಎಸೆಯುತ್ತಾನೆ. ಅವನ ಟೀಚರ್ ಅವನನ್ನು ಅವನ ಪಾಡಿಗೆ ಬಿಟ್ಟಿದ್ದಾರೆ. ನೀನೂ ಬಿಡು. ಅಷ್ಟು ದೂರದಿಂದ ಅವನ ಬೆರಳು ತಿದ್ದಲು ಬರಬೇಡ.

ನಾನು ಇದನ್ನು ಬರೆದು ಮುಗಿಸಿ ಮಡಚುವಷ್ಟರಲ್ಲಿ ಅವನು ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದ. ಈಗೀಗ ಕೂಡಿಸಿಕೊಂಡು ಓದುತ್ತಾನೆ, ತನ್ನ ಹೆಸರಂತೂ ಎಲ್ಲಿದ್ದರೂ ಕಾಣುತ್ತದೆ. "ಅಪ್ಪ ನನ್ ಪೆನ್ಸಿಲ್ ಬಗ್ಗೆ ಕೇಳಿದ್ರಾ?" ಅಂದ. ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. ಅರ್ಧ ಗಂಟೆ ಕೂತು ಒಂದು ಚಿತ್ರ ಬರೆದ. ಕೈ, ಪೆನ್ಸಿಲು, ಓರೆಯಾಗಿಟ್ಟ ಕಾಗದ. "ಕಾಗ್ದಾನ ನೆಟ್ಟಗೆ ಇಡ್ಬಾರ್ದು ಅಂತ ಅಪ್ಪಂಗೆ ಹೇಳು. ಓರೆ ಇಡ್ಬೇಕು. ಇಲ್ದಿದ್ರೆ ಕೈ ನೋಯತ್ತೆ" ಅಂದ. ನೀನು ಅವನ ಕೈ ತಿರುಚಿದ್ದು ಅವನಿಗೆ ನೆನಪಿಲ್ಲ, ನಿನ್ನ ಪುಣ್ಯ. ಚಿತ್ರವನ್ನು ಇದರಲ್ಲಿ ಇಟ್ಟಿದ್ದೇನೆ. ಹಿಂದೆ ಮಾಡಿದ್ದು ನೆನಪಾಗಿ ಸ್ವಲ್ಪ ನಾಚಿಕೆ ಪಡು.

ಕಾಗದ ಕಳಿಸು.

ಡಾರ್ಲಾ

*

ಡಚ್ ಹಾರ್ಬರ್
ಮೇ 7, 1997

ಡಾರ್ಲಾ,

ವೇಡ್ ಚಿತ್ರ ಬಂತು. ಚೆನ್ನಾಗಿದೆ ಅಂತ ಹೇಳು.

ಕಾಗದ ಸ್ವಲ್ಪ ತಡ. ನೋಟರಿ ಇಲ್ಲಿ ಒಬ್ಬಳೇ. ನೂರು ಡಾಲರಿನ ಮನಿ ಆರ್ಡರ್ ಇಟ್ಟಿದ್ದೇನೆ. ತೊರಕೆ ಮೀನಿಗೆ. ಹಡಗಿನವರ ದೋಣಿ ಬೇಡ. ದಡದಲ್ಲಿ ಮೀನುಗಾರರೇ ಕರೆದುಕೊಂಡು ಹೋಗುತ್ತಾರೆ, ಅರ್ಧಕ್ಕೆ. ಕೇಮನ್ ದಿನ ಎಷ್ಟು ಹೊತ್ತಿಗೆ ದಡ ಮುಟ್ಟುತ್ತೀರಿ, ಅದು ಬರೆದಿಲ್ಲ.

ರಾಯ್ಸ್

*

ಪೈನ್ ಬ್ಲಫ್
ಮೇ 16, 1997

ರಾಯ್ಸ್,

ನಿನ್ನ ಮನಿ ಆರ್ಡರ್ ವಾಪಸು ಇಟ್ಟಿದ್ದೇನೆ. ನಾನು ಕೇಳಿದ್ದು ನೂರು ಡಾಲರಲ್ಲ. ನೀನು ಮನೆಯಲ್ಲಿದ್ದಾಗಲೂ ಹೀಗೇ ಮಾಡುತ್ತಿದ್ದೆ. ಮಾಡಬೇಕಾದ್ದು ಮಾಡದೆ, ಯಾರೂ ಕೇಳದ ಉಡುಗೊರೆ ತಂದು ಮೇಜಿನ ಮೇಲಿಟ್ಟು, ಮುಖ ಊದಿಸಿಕೊಂಡು ಕೂರುತ್ತಿದ್ದೆ. ಬಾಡಿಗೆ ಕಟ್ಟದೆ ಇದ್ದ ತಿಂಗಳು ಶೆಲ್ಬಿಗೆ ಸೈಕಲ್ ತಂದೆ, ನೆನಪಿದೆಯಾ?

ಎರಡು ತಿಂಗಳಾಯಿತು. ಇಡೀ ಊರಿಗೆ ಒಬ್ಬಳೇ ನೋಟರಿ ಇರಬಹುದು, ಆದರೆ ಅವಳೇನು ಚಂದ್ರನ ಮೇಲಿದ್ದಾಳಾ? ಅವಳ ಮುಂದೆ ಹೋಗಿ ನಿಂತು ನಿನ್ನ ಹೆಸರು ಬರೆಯುವುದಕ್ಕೆ ಏನು ರೋಗ?

ಯೂಲಾ ಅದಕ್ಕೂ ಒಂದು ಕಾರಣ ಹೇಳಿದಳು. "ಅವ್ನಿಗೆ ಹೊಟ್ಟೆಕಿಚ್ಚು ಕಣೇ. ನಿನ್ ಜೊತೆ ಯಾರೋ ಬರ್ತಿದಾರೆ ಅಂದ್ಕೊಂಡಿರ್ತಾನೆ. ಅದಕ್ಕೇ ಎಲ್ಲಿ, ಎಷ್ಟೊತ್ತು, ಏನ್ ತಿಂತೀರಾ ಅಂತ ಪತ್ತೇದಾರಿ ಮಾಡ್ತಿದಾನೆ." ಇದೇ ನಿನ್ನ ತಲೆಯಲ್ಲಿದ್ದರೆ ಕೇಳಿಕೋ. ನನ್ನ ಜೊತೆ ಯಾರೂ ಬರುತ್ತಿಲ್ಲ. ಕೋಣೆಯಲ್ಲಿ ಮೂರು ಮಂಚ, ಒಂದರ ಮೇಲೆ ಒಂದು. ನಾಲ್ಕನೆಯವನಿಗೆ ನಿಲ್ಲಲು ಜಾಗವಿಲ್ಲ. ನನ್ನ ಜೀವನದಲ್ಲೂ ಸದ್ಯಕ್ಕೆ ಇಲ್ಲ. ಇದನ್ನು ನಿನಗೆ ಬರೆದು ಒಪ್ಪಿಸಬೇಕಾಗಿ ಬಂದದ್ದಕ್ಕೆ ನನಗೆ ಅಳು ಬರುತ್ತಿದೆ, ಸಿಟ್ಟಿನಿಂದ.

ಶೆಲ್ಬಿ ತನ್ನ ಮಂಚದ ಪಕ್ಕದ ಗೋಡೆಗೆ ಮೂರು ಬಂದರಿನ ನಕ್ಷೆ ಅಂಟಿಸಿದ್ದಾಳೆ. ಹನ್ನೊಂದು ವರ್ಷದವಳು, ಎಲ್ಲಾ ಅರ್ಥವಾಗುತ್ತದೆ. ನಿನ್ನೆ ಸಂಜೆ ತಟ್ಟೆ ತೊಳೆಯುತ್ತಾ ಕೇಳಿದಳು, "ಅಮ್ಮಾ, ಅಪ್ಪ ಸೈನ್ ಮಾಡದೇ ಇದ್ರೆ ನಾವು ಹೋಗಲ್ಲ ಅಲ್ವಾ? ಪರ್ವಾಗಿಲ್ಲಮ್ಮಾ. ನಾನ್ ವೇಡ್‌ಗೆ ಹೇಳ್ತೀನಿ ಬಿಡು." ತಮ್ಮನಿಗೆ ಹೇಳುವ ಕೆಲಸವನ್ನು ಅವಳೇ ಹೊತ್ತುಕೊಂಡಿದ್ದಾಳೆ. ಅದನ್ನು ಕೇಳಿದ ಮೇಲೆ ನಾನು ಮುಚ್ಚಳ ಒರೆಸಿದ್ದನ್ನೇ ಒರೆಸುತ್ತಾ ನಿಂತೆ.

ಜೂನ್ ಐದನೇ ತಾರೀಕಿನವರೆಗೆ ಅಂಚೆಯವನನ್ನು ಕಾಯುತ್ತೇನೆ. ಬರದಿದ್ದರೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ನಿಮ್ಮ ಹಡಗನ್ನು ತಡೆದವರು ಯಾರು ಎಂದು ಹೆಸರು ಹಿಡಿದು ಹೇಳುತ್ತೇನೆ. ಇಷ್ಟು ದಿನ ನಿನ್ನ ಬಗ್ಗೆ ಅವರ ಮುಂದೆ ಒಂದು ಕೆಟ್ಟ ಮಾತು ಆಡಿಲ್ಲ. ಅವತ್ತು ಆಡುತ್ತೇನೆ.

ಕೇಮನ್ ದಡ ಬೆಳಿಗ್ಗೆ ಹತ್ತೂವರೆಗೆ. ತೃಪ್ತಿಯಾಯಿತಾ?

ಡಾರ್ಲಾ

*

ಪೈನ್ ಬ್ಲಫ್
ಜೂನ್ 5, 1997

ರಾಯ್ಸ್,

ಕಾಗದ ನಿನ್ನೆ ಬಂತು. ಹೊರಡಲು ನಾಲ್ಕು ದಿನ ಇರುವಾಗ. ಜೊತೆಗೆ ಒಂದು ಸಾಲಿಲ್ಲ, ಮಕ್ಕಳಿಗೆ ಹೋಗಿಬನ್ನಿ ಎಂಬ ಒಂದು ಮಾತೂ ಇಲ್ಲ.

ಬಿಚ್ಚಿ ಸಹಿ ನೋಡಿದೆ. ಅದು ಸಹಿಯಾ? ಅಕ್ಷರ ಒಂದು ಮೇಲೆ ಒಂದು ಕೆಳಗೆ, ಕೊನೆಯ ಅಕ್ಷರ ಗೆರೆ ದಾಟಿ ಹೋಗಿದೆ, ಮಸಿಯೆಲ್ಲ ಒರೆಸಿಕೊಂಡು ಬಲಗಡೆಗೆ ಬಳಿದಿದೆ. ಇಂಥ ಸಹಿ ನಾನು ಮೊದಲೂ ನೋಡಿದ್ದೇನೆ. ಮನೆ ಸಾಲದ ಕಾಗದಕ್ಕೆ ನೀನು ಸಹಿ ಹಾಕಿದ ದಿನ ಹೀಗೇ ಇತ್ತು, ಬ್ಯಾಂಕಿನ ಹೆಂಗಸು ನನ್ನ ಮುಖ ನೋಡಿದ್ದಳು. ಮಕ್ಕಳ ಕಾಗದಕ್ಕಾದರೂ ಒಂದು ದಿನ ಕುಡಿಯದೆ ಇರಲು ನಿನಗೆ ಆಗಲಿಲ್ಲವಾ? ಒಂದೇ ಒಂದು ಬೆಳಿಗ್ಗೆ?

ಆ ನೋಟರಿ ಹೆಂಗಸು ನಿನ್ನ ಬಾಯಿಯ ವಾಸನೆ ನೋಡಿಯೂ ಮುದ್ರೆ ಒತ್ತಿದಳಲ್ಲ, ಅವಳಿಗೆ ಏನು ಹೇಳಲಿ. ಈಗ ಬಂದರಿನಲ್ಲಿ ಈ ಗೀಚನ್ನು ನೋಡಿ ನಮ್ಮನ್ನು ಕಳ್ಳರೆಂದು ಪಕ್ಕಕ್ಕೆ ನಿಲ್ಲಿಸಿದರೆ ಮಕ್ಕಳ ಮುಂದೆ ನಾನು ಯಾವ ಮುಖ ಇಟ್ಟುಕೊಳ್ಳಲಿ?

ಇನ್ನು ನಿನಗೆ ಬರೆಯುವುದು ಏನೂ ಉಳಿದಿಲ್ಲ. ಏನಿದ್ದರೂ ವಕೀಲರ ಮೂಲಕ.

ಡಾರ್ಲಾ

*

ಕೊಜುಮೆಲ್
ಜೂನ್ 10, 1997

ರಾಯ್ಸ್,

ಇದನ್ನು ಹಡಗಿನ ಕಾಗದದ ಮೇಲೆ ಬರೆಯುತ್ತಿದ್ದೇನೆ, ಕಾಗದ ಪುಕ್ಕಟೆ. ಅಂಚೆ ಚೀಟಿ ಇಲ್ಲೇ ಅಂಗಡಿಯಲ್ಲಿ ಕೊಂಡೆ. ಮಕ್ಕಳು ಎದುರಿಗೆ ನೀರಿನಲ್ಲಿದ್ದಾರೆ. ಮರಳು ಅಂಟಿ ಪೆನ್ನು ಸರಿಯಾಗಿ ಓಡುತ್ತಿಲ್ಲ.

ಮೊದಲು ಒಂದು ಮಾತು. ಐದನೇ ತಾರೀಕಿನ ನನ್ನ ಪತ್ರ ಬರುತ್ತದೆ. ಬಂದರೆ ಒಡೆಯಬೇಡ. ಹಾಗೇ ಒಲೆಗೆ ಹಾಕು.

ಭಾನುವಾರ ಏನಾಯಿತೆಂದು ಹೇಳುತ್ತೇನೆ. ನ್ಯೂ ಆರ್ಲಿಯನ್ಸಿನ ಬಂದರಿನ ಕಟ್ಟಡದಲ್ಲಿ ಎರಡು ಗಂಟೆ ಸಾಲು. ಸೆಕೆ, ಗದ್ದಲ, ವೇಡ್ ಸೂಟ್‌ಕೇಸಿನ ಮೇಲೆ ಕೂತು ಕೂತು ಅದರ ಹಿಡಿ ಮುರಿದ. ನಮ್ಮ ಸರದಿ ಬಂತು. ಮೇಜಿನ ಹಿಂದಿನ ಹುಡುಗಿ ಜನನ ಪತ್ರ ನೋಡಿದಳು, ಟಿಕೆಟ್ಟು ನೋಡಿದಳು. ನಿನ್ನ ಕಾಗದ ತೆಗೆದು ಒಂದು ಸಲ ನೋಡಿ, ಇನ್ನೊಂದು ಸಲ ನೋಡಿ, ಪಕ್ಕದವನನ್ನು ಕರೆದಳು. ಇಬ್ಬರೂ ತಲೆ ತಗ್ಗಿಸಿ ನೋಡಿದರು.

"ಮೇಡಂ, ಈ ಸೈನ್ ಯಾರದು?" ಅಂದಳು.

"ಮಕ್ಕಳ ತಂದೇದು."

"ತಪ್ಪು ತಿಳ್ಕೋಬೇಡಿ. ಇದು ಯಾರೋ ಮಗು ಬರ್ದ ಹಾಗಿದೆ. ನೀವು ಸ್ವಲ್ಪ ಈ ಕಡೆ ಬನ್ನಿ."

ಹಿಂದಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಶೆಲ್ಬಿ ನನ್ನ ಅಂಗಿ ಹಿಡಿದುಕೊಂಡಳು. ನನ್ನ ಬಾಯಿಗೆ ಏನು ಬರುತ್ತಿತ್ತು ಗೊತ್ತಾ? 'ಅವನು ಕುಡುಕ, ಅದಕ್ಕೇ ಹಾಗೆ' ಎಂದು ಹೇಳಲು ಬಾಯಿ ತೆರೆದಿದ್ದೆ. ಮಕ್ಕಳ ಮುಂದೆ, ಅಷ್ಟು ಜನರ ಮುಂದೆ. ಅಷ್ಟರಲ್ಲಿ ವೇಡ್ ಮೇಜಿನ ಅಂಚು ಹಿಡಿದು ಎಗರಿ ಕಾಗದ ನೋಡಿದ.

"ಅದು ನಮ್ಮಪ್ಪಂದೇ. ಎಡಗೈಲಿ ಬರ್ದಿದಾರೆ" ಅಂದ.

"ನಿಂಗೆ ಹೇಗೆ ಗೊತ್ತು ಮರಿ?" ಅಂದಳು ಆ ಹುಡುಗಿ.

ಅವನು ತನ್ನ ಎಡಗೈ ತಿರುಗಿಸಿ ಕಿರುಬೆರಳಿನ ಕೆಳಗಿನ ಬದಿ ತೋರಿಸಿದ. ಬೆಳಿಗ್ಗೆ ಕಾರಿನಲ್ಲಿ ಬಣ್ಣ ಹಾಕಿದ್ದು ಅಲ್ಲೆಲ್ಲ ನೀಲಿ ಬಳಿದಿತ್ತು. "ನಂದೂ ಹೀಗೇ ಒರೆಸ್ಕೊಳತ್ತೆ. ಕೈ ಹಿಂದಿಂದೆ ಬರತ್ತಲ್ಲಾ, ಅದಕ್ಕೆ. ಕಾಗ್ದ ಓರೆ ಇಡಿ ಅಂತ ನಾನೇ ಹೇಳ್ಕೊಟ್ಟಿದ್ದು. ಇನ್ನೂ ಸ್ವಲ್ಪ ಓರೆ ಇಡ್ಬೇಕಿತ್ತು."

ಆ ಹುಡುಗಿ ನಕ್ಕುಬಿಟ್ಟಳು. ಪಕ್ಕದವನು ಮುದ್ರೆಯ ಕೆಳಗೆ ನೋಟರಿ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಬೆರಳಿಟ್ಟು ತೋರಿಸಿದ. 'ಸಹಿ ಮಾಡಿದವರು ನನ್ನ ಎದುರಿನಲ್ಲೇ ಎಡಗೈಯಿಂದ ಮಾಡಿದ್ದಾರೆ.' ಮನೆಯಲ್ಲಿ ನಾನು ನಾಲ್ಕು ಸಲ ನೋಡಿದ್ದ ಕಾಗದ, ರಾಯ್ಸ್. ಸಹಿ ನೋಡಿದ ಸಿಟ್ಟಿನಲ್ಲಿ ಆ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನಮ್ಮನ್ನು ಒಳಗೆ ಬಿಟ್ಟರು. ಮೆಟ್ಟಿಲು ಹತ್ತುವಾಗ ಶೆಲ್ಬಿ ಕೇಳಿದಳು, "ಅಮ್ಮಾ, ಅಪ್ಪನ ಬಲಗೈಗೆ ಏನಾಗಿದೆ?"

ನನಗೆ ಗೊತ್ತಿಲ್ಲ ಎಂದೆ. ಆಗಿನಿಂದ ತಲೆ ಕೆಟ್ಟು ಹೋಗಿದೆ. ಆ ಟೈಪ್ ಮಾಡಿದ ಪತ್ರಗಳು, ಒಂದೊಂದೂ ನಾಲ್ಕು ಸಾಲು. ಅದನ್ನು ನಾನು ಸೊಕ್ಕು ಎಂದುಕೊಂಡೆ. ಪೆನ್ಸಿಲು ಯಾವ ಬೆರಳಿನ ಮೇಲೆ ಎಂದು ಕೇಳಿದೆ. ಅದಕ್ಕೆ ನಾನು ನಿನಗೆ ಏನೆಲ್ಲ ಅಂದೆ. ಬಾಯಿ ಬಿಟ್ಟು ಹೇಳುವುದಕ್ಕೆ ನಿನಗೆ ಏನಾಗಿತ್ತು? ನಿನ್ನ ಮೇಲೆ ನನಗೆ ಈಗಲೂ ಸಿಟ್ಟೇ ಇದೆ, ಮೊದಲಿಗಿಂತ ಜಾಸ್ತಿ. ಮೂರು ತಿಂಗಳು ನನ್ನನ್ನು ಕುರುಡಿ ಮಾಡಿ ಕೂರಿಸಿದೆ. ಹಡಗಿನಲ್ಲಿ ಎಲ್ಲರೂ ಕುಣಿಯುತ್ತಿದ್ದರೆ ನಾನು ಎಂಜಿನ್ನಿನ ಸದ್ದು ಕೇಳುತ್ತಾ ನಿನ್ನ ಕೈ ಯಂತ್ರದಲ್ಲಿ ಸಿಕ್ಕಿದೆಯೋ, ಮುರಿದಿದೆಯೋ, ಇದೆಯೋ ಇಲ್ಲವೋ ಎಂದು ಯೋಚಿಸುತ್ತಾ ಮಲಗಿದ್ದೆ. ಇದಕ್ಕೆ ನಾನು ದುಡ್ಡು ಕಟ್ಟಿದ್ದೆನಾ?

ಇವತ್ತು ಬೆಳಿಗ್ಗೆ ಹಡಗಿಳಿದ ಕೂಡಲೇ ಟ್ಯಾಕ್ಸಿಯವರು ಮುತ್ತಿದರು. ಮೂವರಿಗೂ ಸೇರಿ ಇಪ್ಪತ್ತು ಎಂದರು. ನಾನು ಮಕ್ಕಳ ಕೈ ಹಿಡಿದು ಮೂರು ಬೀದಿ ಒಳಗೆ ನಡೆದೆ. ಅಲ್ಲೊಬ್ಬ ಮುದುಕ ಹತ್ತಕ್ಕೆ ಕರೆದುಕೊಂಡು ಬಂದ, ಎರಡು ಗಂಟೆಗೆ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಶೆಲ್ಬಿ ಕೇಳಿದಳು, "ಇದು ನಿಂಗೆ ಹೇಗೆ ಗೊತ್ತಿತ್ತಮ್ಮಾ?" ಅಪ್ಪ ಹೇಳಿಕೊಟ್ಟರು ಎಂದೆ.

ನಾಳೆ ಕೇಮನ್. ತೊರಕೆ ಮೀನಿಗೆ ನಮ್ಮ ಹತ್ತಿರ ದುಡ್ಡಿಲ್ಲ. ನಿನ್ನ ನೂರು ಡಾಲರನ್ನು ಮುಖದ ಮೇಲೆ ಎಸೆದವಳು ನಾನೇ.

ನಿನ್ನ ಕೈಗೆ ಏನಾಗಿದೆ, ಬರೆ. ಟೈಪ್ ಮಾಡಿದ ಪತ್ರ ಬಂದರೆ ಒಡೆಯದೆ ವಾಪಸು ಕಳಿಸುತ್ತೇನೆ.

ಡಾರ್ಲಾ

*

ಡಚ್ ಹಾರ್ಬರ್
ಜೂನ್ 29, 1997

ಡಾರ್ಲಾ,

ಇದು ಎಡಗೈ. ನಾಲ್ಕು ಸಂಜೆ ಹಿಡಿಯಿತು. ತಪ್ಪಿದ್ದರೆ ಬೈಯಬೇಡ.

ಫೆಬ್ರವರಿ ಹನ್ನೊಂದಕ್ಕೆ ಏಡಿ ಸಾಗಿಸುವ ಯಂತ್ರದ ಬೆಲ್ಟಿಗೆ ಕೈಗವಸು ಸಿಕ್ಕಿಕೊಂಡಿತು. ತಪ್ಪು ನನ್ನದೇ, ಯಂತ್ರ ನಿಲ್ಲಿಸದೆ ಕೈ ಹಾಕಿದೆ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿವೆ. ನೋವು ಕಮ್ಮಿಯಾಗಿದೆ. ಈಗ ಉಗ್ರಾಣದಲ್ಲಿ ಪೆಟ್ಟಿಗೆ ಎಣಿಸುವ ಕೆಲಸ ಕೊಟ್ಟಿದ್ದಾರೆ.

ನಿನ್ನ ಕಾಗದ ಬಂದ ದಿನವೇ ನೋಟರಿ ಹತ್ತಿರ ಹೋದೆ. ಮಿಸೆಸ್ ಕುದ್ರಿನ್ ಎಂದು, ವಯಸ್ಸಾದವಳು. ನನ್ನ ಗೀಚನ್ನು ಲೈಸೆನ್ಸಿನ ಸಹಿಯ ಪಕ್ಕ ಇಟ್ಟು ನೋಡಿ, "ಇದು ನಿಂದು ಅಂತ ನಾನ್ ಹೇಗಪ್ಪಾ ಹೇಳ್ಲಿ? ಎರಡು ಸಲ ಒಂದೇ ಥರ ಬರೆಯೋದು ಕಲ್ತು, ಹೊಸ ಲೈಸೆನ್ಸ್ ಮಾಡಿಸ್ಕೊಂಡು ಬಾ" ಅಂದಳು. ಎರಡು ಸಲ ಒಂದೇ ಥರ ಬರಲು ಮೇ ತಿಂಗಳಾಯಿತು. ವೇಡ್ ಚಿತ್ರ ಬಂದ ಮೇಲೆಯೇ ಬಂದದ್ದು. ಅಲ್ಲಿಯವರೆಗೂ ನಾನು ಕಾಗದವನ್ನು ನೆಟ್ಟಗೇ ಇಡುತ್ತಿದ್ದೆ. ಅವನ ಕೈಯಿಂದ ಚಮಚ ಕಿತ್ತದ್ದು ನನಗೂ ನೆನಪಿದೆ. ಪ್ರತಿ ಸಂಜೆ ನೆನಪಿತ್ತು.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಹೇಳಿದ್ದರೆ ನೀನು ಶೆಲ್ಬಿಗೆ ಹೇಳುತ್ತಿದ್ದೆ. ಅವಳು ಹಡಗು ಬೇಡ, ಅಪ್ಪನ ಹತ್ತಿರ ಹೋಗೋಣ ಎನ್ನುತ್ತಿದ್ದಳು. ದುಡ್ಡು ವಾಪಸು ಬರಲ್ಲ ಎಂದು ನೀನೇ ಬರೆದಿದ್ದೆ.

ಇನ್ನೊಂದು ನಿಜ. ಬಂದರಿನ ವಿವರ ಕಾಗದಕ್ಕೆ ಬೇಕಿರಲಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಂಚದಲ್ಲಿ ಬಿದ್ದಿದ್ದೆ. ಕೆಣಕಿದರೆ ನೀನು ಉದ್ದ ಬರೆಯುತ್ತೀಯ ಎಂದು ಕೆಣಕಿದೆ. ಬಕೆಟ್ಟು, ನೀರು ಕನ್ನಡಕ, ಎರಡು ಗಂಟೆ ಊಟ, ಎಲ್ಲ ಬಾಯಿಪಾಠ ಆಗಿತ್ತು. ಹನ್ನೊಂದನೇ ತಾರೀಕು ಗಡಿಯಾರ ನೋಡಿಕೊಂಡೆ. ನಿಮ್ಮ ಹತ್ತೂವರೆಗೆ ಇಲ್ಲಿ ಬೆಳಿಗ್ಗೆ ಏಳೂವರೆ. ಈಗ ದೋಣಿಯಿಂದ ಇಳಿದಿರುತ್ತಾರೆ ಅಂದುಕೊಂಡೆ.

ಮಂಜಿನಿಂದ ವಿಮಾನ ಮತ್ತೆ ನಿಂತಿತ್ತು. ನಿನ್ನ ಎರಡು ಪತ್ರವೂ ಒಂದೇ ಚೀಲದಲ್ಲಿ ಬಂದವು. ಕೈಗೆ ಮೊದಲು ಸಿಕ್ಕಿದ್ದು ಐದನೇ ತಾರೀಕಿನದು. ಒಡೆದು ಓದಿದೆ. ಅಂಥ ಪತ್ರ ಬರೆಯಲು ನಿನಗೆ ಹಕ್ಕಿತ್ತು, ನಾನು ನಿನಗೆ ಬೇರೆ ಏನನ್ನೂ ತೋರಿಸಿರಲಿಲ್ಲ.

ಆದರೆ ಆ ಬೆಳಿಗ್ಗೆ ನಾನು ಕುಡಿದಿರಲಿಲ್ಲ ಡಾರ್ಲಾ. ಕಳೆದ ಜುಲೈಯಿಂದ ಕುಡಿದಿಲ್ಲ. ಕೈ ಹೋದ ದಿನವೂ ಇಲ್ಲ, ಆಮೇಲೂ ಇಲ್ಲ. ನೀನು ನಂಬುವುದಿಲ್ಲ ಎಂದು ಬರೆದಿರಲಿಲ್ಲ.

ನೂರು ಡಾಲರನ್ನು ಹಾಗೇ ಇಟ್ಟಿದ್ದೇನೆ. ತೊರಕೆ ಮೀನು ಎಲ್ಲಿಗೂ ಹೋಗುವುದಿಲ್ಲ.

ಈ ಪತ್ರದಲ್ಲೂ ಮಸಿ ಒರೆಸಿಕೊಂಡಿದೆ. ಇನ್ನೂ ಎಷ್ಟು ಓರೆ ಇಡಬೇಕು ಎಂದು ವೇಡ್‌ನ ಕೇಳಿ ಬರೆ.

ರಾಯ್ಸ್